ಬಾಗಿಲು ಬಿಡದೆ ಕಟ್ಟಿದ ಮನೆ

ಇವತ್ತು ಕುಮಟೆಯ ಮದುವೆ ಚಪ್ಪರವೊಂದರಲ್ಲಿ ಹಸಿ ತೆಂಗಿನ ಮಡಲಿನ ವಾಸನೆ ಮೂಗಿಗೆ ಬಡಿಯಿತು. ಕೂಡಲೇ ಮಾವಳ್ಳಿಯ ದಂಡೆ ನೆನಪಾಯಿತು.

ನನ್ನ ಬಾಲ್ಯದ ಒಂದು ಮಳೆಗಾಲದಲ್ಲಿ ಕಡಲು ಅಲ್ಲಿದ್ದ ನಮ್ಮ ಮನೆಯನ್ನು ನುಂಗಿತ್ತು. ಶಾಲೆಯ ಜಗಲಿಯಲ್ಲಿ ಮಲಗುತ್ತಿದ್ದೆವು. ಮಳೆ ರಜೆ ಮುಗಿದು ಸೋಮವಾರ ಶಾಲೆ ತೆರೆದರೆ ಆ ಜಗಲಿಯೂ ಇಲ್ಲ.

ಭಾನುವಾರ ಕೇರಿಯವರೆಲ್ಲ ಹೆಣೆದ ಮಡಲು ಹೊತ್ತು ಬಂದರು. ನಾಲ್ಕು ಮನೆಯವರು ನಾಲ್ಕು ಗೋಡೆ ಹಂಚಿಕೊಂಡು, ಬಲೆಯ ಗಂಟು ಹಾಕಿ ಬಿಗಿದರು. ಅಮ್ಮ ನಡುವೆ ಕೂತು ಒಲೆ ಹೂಡುತ್ತಿದ್ದಳು. ಬಾಗಿಲಿಗೆ ಜಾಗವನ್ನು ಉಳಿದವರು ಬಿಡುತ್ತಾರೆಂದು ಪ್ರತಿಯೊಬ್ಬರೂ ನಂಬಿದ್ದರು!

“ನಾ ಹೊರಗೆ ಬರೂದು ಹ್ಯಾಂಗ್ರೋ?” ಒಳಗಿಂದ ಅಮ್ಮ ಕೂಗಿದಳು.

“ಎಂತಕ್ಕೆ ಅವಸರ ಅತ್ತಿಗೆ? ಚಾ ಆತಾ ಹೇಳಿ ಮೊದಲು!” ಎನ್ನುತ್ತ ಪಕ್ಕದ ಮನೆಯ ಮಂಜಣ್ಣ ಕತ್ತಿಯಿಂದ ಬಾಗಿಲು ಕೊಯ್ದ. ಮನೆ ಹೋದಂದಿನಿಂದ ನಗುವನ್ನೇ ಮರೆತಿದ್ದ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಈಗ ಹಳದೀಪುರದ ಹೆದ್ದಾರಿ ಬದಿ ಟಾರ್ಪಾಲಿನಡಿ ಮಲಗುವವರು ಸರ್ಕಾರದ ಬಳಿ ಮನೆ ಕೇಳಿದರೆ ವಿಳಾಸದ ದಾಖಲೆ ತರಬೇಕಂತೆ! ಸ್ವಾಮಿ, ವಿಳಾಸವಿದ್ದರೆ ಅಲ್ಲೇಕೆ ಮಲಗುತ್ತಿದ್ದರು? ಊರು ಒಟ್ಟಾಗಿ ನಿಂತರೆ ಇಷ್ಟು ಕಾಗದ ಬೇಡ. ಅಂದು ಕೇರಿಯವರು ಅಪ್ಪನನ್ನು ಕೇಳಿದ್ದು ಒಂದೇ ಪ್ರಶ್ನೆ:

“ಎಲ್ಲಿ ಕಟ್ಟೂದು?”