ನಾಲಗೆ ಕೆಡಿಸಿದ ಹೋಟೆಲು

ರಾಯೆಲ್ ಚೆಪ್ತೂಳ ಮನೆಯೊಳಗೆ ಬೆಳ್ಳುಳ್ಳಿ ಬರುವಂತಿಲ್ಲ. ಗಂಡ ಸೆಂಟು ಹಾಕಿಕೊಳ್ಳಬೇಕೆಂದರೆ ಅಂಗಳದಲ್ಲಿ ನಿಂತು ಹಾಕಿಕೊಂಡು, ಅಲ್ಲಿಂದಲೇ ಕೆಲಸಕ್ಕೆ ಹೊರಟುಬಿಡಬೇಕು. ಮದುವೆಗಳಿಗೆ ಹೋದರೆ ಉಳಿದವರೆಲ್ಲ ಮಸಾಲೆ ಸವರಿದ ಮೇಕೆ ಮಾಂಸಕ್ಕೆ ಮುಗಿಬೀಳುವಾಗ ಇವಳು ಸಪ್ಪೆ ಸೊಪ್ಪಿನ ಜೊತೆ ಉಗಾಲಿ ಮುದ್ದೆ ನುಂಗಿ ಎದ್ದುಬಿಡುತ್ತಾಳೆ. ಮೊಂಬಾಸಾದ ಚಹಾ ವ್ಯಾಪಾರಿ ಬಕಾರಿಯ ಬಳಿ ಅವಳು ರುಚಿ ನೋಡುವವಳು. ಒಂದು ಗುಟುಕು ಸೊರ್ರನೆ ಹೀರಿ, ಉಗುಳಿ, ಅವಳು ‘ಹೂಂ’ ಅಂದರೆ ಮಾತ್ರ ಬಕಾರಿ ಕೊಳ್ಳುತ್ತಾನೆ.

ಅವಳ ತಾಯಿ ಕೆರಿಚೋ ಗುಡ್ಡಗಳಲ್ಲಿ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಚಹಾ ಎಲೆ ಕೀಳುತ್ತಿದ್ದವಳು. ರಾಯೆಲ್ ಅಲ್ಲಿನ ಕಾರ್ಖಾನೆಯಲ್ಲಿ ಬಟ್ಟಲು ತೊಳೆಯಲು ಸೇರಿ, ತೊಳೆಯುವ ಮುಂಚೆ ತಳದಲ್ಲಿ ಉಳಿದಿದ್ದನ್ನು ಕದ್ದು ಕದ್ದು ಸವಿದೇ ವಿದ್ಯೆ ಕಲಿತವಳು.

ಬಕಾರಿ ಅವಳನ್ನು ಮೊದಲ ಸಲ ದೇಶದಾಚೆ ಕಳಿಸಿದ್ದು ಮಲಾವಿಗೆ. ಥ್ಯೋಲೊ ಕಡೆಯ ತೋಟದ ಯಜಮಾನ ನಖುಮ್ವಾ ಎಂಬವನು ಆ ವರ್ಷದ ಚಹಾವನ್ನೆಲ್ಲ ಮಾರಲು ಕೊಳ್ಳುವವರನ್ನು ಕರೆದಿದ್ದ. ರುಚಿ ನೋಡುವುದು ಬ್ಲಾಂಟೈರ್ ಪೇಟೆಯಲ್ಲಿ. ಹೋಟೆಲನ್ನು ಗೊತ್ತು ಮಾಡಿದವನು ಬಕಾರಿಯೇ. “ಫೋಟೋದಲ್ಲಿ ಅರಮನೆ ಇದ್ದಂಗಿದೆ ಕಣಮ್ಮ. ಅಲ್ಲಿಗೆ ಹೋದ್ಮೇಲೆ ನಮ್ಮನ್ನೆಲ್ಲ ಮರೀಬೇಡ,” ಎಂದು ನಗೆಯಾಡಿ ಕಳಿಸಿದ್ದ.

ಕೋಣೆಯ ಬಾಗಿಲು ತೆರೆದದ್ದೇ ತಡ, ರಾಯೆಲ್ ಸೆರಗಿನಂತೆ ಹೊದ್ದಿದ್ದ ಲೇಸೊ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡಳು. ನಾಲ್ಕೂ ಗೋಡೆಗೆ ಆಗಷ್ಟೇ ಹಳದಿ ಬಣ್ಣ ಬಳಿದಿದ್ದರು. ಎಣ್ಣೆಬಣ್ಣದ ಘಾಟು ಗಂಟಲಿಗೇ ಇಳಿಯಿತು.

ಹೋಟೆಲಿನ ಮೇಲ್ವಿಚಾರಕ ಲವ್‌ಮೋರ್ ಚಿಸಾಲೆ ಎದೆಯ ಮೇಲೆ ಕೈಯಿಟ್ಟುಕೊಂಡು ಬಾಗಿದ. “ನಿಮಗೋಸ್ಕರಾನೇ ಹೊಸದಾಗಿ ಹೊಡೆಸಿದ್ದಮ್ಮಾ!”

“ನನಗೆ ಬಣ್ಣ ಬೇಡಪ್ಪ, ಗಾಳಿ ಬೇಕು. ಬೇರೆ ಕೋಣೆ ಕೊಡಿ.”

“ಪೆಪಾನಿ ಅಮ್ಮಾ, ಪೆಪಾನಿ. ದೊಡ್ಡ ತಪ್ಪಾಯ್ತು. ಈಗ್ಲೇ ಕೊಟ್ಟೆ.”

ಬೇರೆ ಕೋಣೆ ಅಡುಗೆಮನೆಯ ನೆತ್ತಿಯ ಮೇಲಿತ್ತು. ಕೆಳಗೆ ಒಣಮೀನು ಹುರಿಯುತ್ತಿದ್ದರು. ಕಿಟಕಿ ಮುಚ್ಚೋಣವೆಂದರೆ ಕಿಟಕಿಗೆ ಗಾಜೇ ಇಲ್ಲ, ಹರಕು ರಟ್ಟು ಅಂಟಿಸಿದ್ದರು. ಮುಖ ತೊಳೆಯಲು ನಲ್ಲಿ ತಿರುಗಿಸಿದರೆ ಅದು ಕೆಮ್ಮಿ ಸುಮ್ಮನಾಯಿತು. ಅವಳು ಮತ್ತೆ ಕೆಳಗಿಳಿದಳು.

“ನೀರು?”

“ಬರ್ತಾ ಇದೆ ಅಮ್ಮಾ, ದಾರಿಲಿದೆ.”

“ನೀರೇನು ಬಸ್ಸಲ್ಲಿ ಬರತ್ತಾ?”

ಲವ್‌ಮೋರ್ ಮನಸಾರೆ ನಕ್ಕ. ಬೈಗುಳಕ್ಕೂ ನಗುವವನ ಹತ್ತಿರ ಜಗಳವಾಡುವುದು ಹೇಗೆ? ಗೊಣಗಿದರೆ ಪೆಪಾನಿ, ಗದರಿದರೆ ಇನ್ನೂ ಬಾಗಿ ಪೆಪಾನಿ. ಕೊನೆಗೆ ಅವನೇ ಬಕೆಟ್ಟಿನಲ್ಲಿ ನೀರು ಹೊತ್ತು ತಂದ. ಕೋಣೆಯ ವಾಸನೆ ಹೋಗಲೆಂದು, ಅವಳು ಬೇಡ ಬೇಡ ಎನ್ನುವಷ್ಟರಲ್ಲಿ, ಗುಲಾಬಿ ಪರಿಮಳದ ಡಬ್ಬಿಯೊಂದನ್ನು ಮೂಲೆಮೂಲೆಗೂ ಸಿಂಪಡಿಸಿಯೂ ಬಿಟ್ಟ.

“ಅಯ್ಯೋ ಮಹಾರಾಯ! ನೀನು ನನ್ನ ಅನ್ನಕ್ಕೇ ಕಲ್ಲು ಹಾಕ್ದೆಯಲ್ಲೋ!” ಎಂದು ರಾಯೆಲ್ ಕಿರುಚಿದಳು. ಅವನಿಗೆ ಏನೂ ಅರ್ಥವಾಗಲಿಲ್ಲ. ಪಾಪ, ಮುಖ ಸಣ್ಣದು ಮಾಡಿಕೊಂಡು ನಿಂತ. ಬೇರೆ ಹೋಟೆಲು ಹುಡುಕೋಣವೆಂದರೆ ಪೇಟೆಯಲ್ಲಿ ಯಾವುದೋ ಚರ್ಚಿನ ಸಮಾವೇಶ. ಊರಿನಲ್ಲಿ ಒಂದು ಹಾಸಿಗೆಯೂ ಖಾಲಿಯಿರಲಿಲ್ಲ.

ಬೆಳಿಗ್ಗೆ ನಖುಮ್ವಾನ ಕಚೇರಿಯಲ್ಲಿ ಉದ್ದನೆ ಮೇಜಿನ ಮೇಲೆ ಬಿಳಿ ಬಟ್ಟಲುಗಳು ಸಾಲಾಗಿ ಕಾಯುತ್ತಿದ್ದವು. ರಾಯೆಲ್ ಮೊದಲನೆಯದನ್ನು ಚಮಚದಲ್ಲಿ ಹೀರಿದಳು. ಬಣ್ಣ. ಎರಡನೆಯದು, ಬಣ್ಣದ ಮೇಲೆ ಗುಲಾಬಿ. ಮೂರನೆಯದರಲ್ಲಿ ಮೀನು ಕೂಡ ಈಜಿತು. ಆಚೆ ಬದಿಯಲ್ಲಿ ಬೇರೆ ಕೊಳ್ಳುವವರು ಹೀರಿ, ಉಗುಳಿ, ತಲೆಯಾಡಿಸುತ್ತ ಮುಂದೆ ಸಾಗುತ್ತಿದ್ದರು. ಅವಳು ಹೊರಗೆ ಬಂದು ಬಕಾರಿಗೆ ಫೋನು ಮಾಡಿದಳು.

“ಯಜಮಾನ್ರೇ, ನಾಲಗೆ ಕೆಟ್ಟೋಗಿದೆ. ಇವತ್ತು ನನ್ನ ಕೈಲಾಗಲ್ಲ.”

“ನಾಲಗೆ ಕೆಟ್ಟಿದೆ ಅಂತೀಯ, ಮಾತು ನೆಟ್ಟಗೇ ಬರ್ತಿದೆಯಲ್ಲ! ಚಹಾದ ಬಣ್ಣ ನೋಡು, ಎಲೆ ಮುಟ್ಟಿ ನೋಡು, ಒಂದು ಅಂದಾಜಲ್ಲಿ ಆರಿಸು.”

“ಅಂದಾಜಲ್ಲಿ ಆರ್ಸೋಕೆ ನೀವೇ ಬರಬಹುದಿತ್ತು.”

ಆ ಕಡೆ ಫೋನು ಕುಕ್ಕಿದ ಸದ್ದು.

ಒಳಗೆ ಹೋಗಿ ಕೈಗೆ ಬಂದ ನಾಲ್ಕು ಬಟ್ಟಲು ತೋರಿಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮತ್ತೆ ಮೇಜಿನ ಮುಂದೆ ನಿಂತಾಗ ಕೈ ಒಂದು ಬಟ್ಟಲಿನತ್ತ ಹೋಯಿತು ಕೂಡ. ಆದರೆ ಅವಳು ಚಮಚವನ್ನು ಕೆಳಗಿಟ್ಟು, ಎಲ್ಲರೆದುರೇ ನಖುಮ್ವಾನಿಗೆ ಹೇಳಿದಳು: “ಇವತ್ತು ನನಗೆ ಏನೂ ತಿಳೀತಿಲ್ಲ. ನಾಳೆ ನೋಡೋಕೆ ಬಿಡ್ತೀರಾ?”

ಯಾರೋ ಕಿಸಕ್ಕನೆ ನಕ್ಕರು. ನಖುಮ್ವಾ ನಗಲಿಲ್ಲ. “ನಾಳೆ ನೋಡಿ ತಾಯಿ. ಆದ್ರೆ ಇವರು ಇವತ್ತು ಕೇಳಿದ್ದನ್ನ ನಾನು ಇಲ್ಲ ಅನ್ನೋ ಹಾಗಿಲ್ಲ,” ಎಂದ. ಆ ಸಂಜೆ ಅವಳನ್ನು ತೋಟದ ತನ್ನ ಮನೆಗೇ ಕರೆದೊಯ್ದ. ಅವನ ಹೆಂಡತಿ ಉಪ್ಪು ಬಿಟ್ಟರೆ ಬೇರೇನೂ ಹಾಕದ ಎನ್ಸಿಮಾ ಮುದ್ದೆ ಬಡಿಸಿ, ತೆರೆದ ಕಿಟಕಿಯ ಪಕ್ಕ ಚಾಪೆ ಹಾಸಿಕೊಟ್ಟಳು.

ಮರುದಿನ ನಾಲಗೆ ಮರಳಿತು. ಸಾಲಿನ ತುದಿಯಲ್ಲಿದ್ದ ಒಂದು ಬಟ್ಟಲನ್ನು ಹೀರಿದವಳು ಉಗುಳಲು ಮನಸ್ಸಾಗದೆ ನುಂಗಿಬಿಟ್ಟಳು. ಎಷ್ಟೋ ವರ್ಷಗಳಲ್ಲಿ ಅಂಥದ್ದು ಬಾಯಿಗೆ ಬಿದ್ದಿರಲಿಲ್ಲ. “ಇದು ಬೇಕು. ಪೂರ್ತಿ ಬೇಕು.”

ನಖುಮ್ವಾ ನೆಲ ನೋಡಿದ. “ಅದು ನಿನ್ನೆನೇ ಮಾರಿಹೋಯ್ತಮ್ಮ.”

ಉಳಿದದ್ದರಲ್ಲಿ ಕೊಳ್ಳುವಂಥದ್ದು ಇರಲಿಲ್ಲ. ಅವಳು ಒಂದಕ್ಕೂ ಹೂಂ ಎನ್ನಲಿಲ್ಲ. ಪೆಟ್ಟಿಗೆ ತರಲು ಹೋಟೆಲಿಗೆ ಹೋದಾಗ ಲವ್‌ಮೋರ್ ಅದನ್ನು ಕಾರಿನವರೆಗೂ ಹೊತ್ತು ತಂದು, “ಮತ್ತೆ ಬನ್ನಿ ಅಮ್ಮಾ, ಅಷ್ಟ್ರಲ್ಲಿ ಮೇಲಿನ ಕೋಣೆಗೂ ಬಣ್ಣ ಹೊಡೆಸಿರ್ತೀವಿ,” ಎಂದ. ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಮೊಂಬಾಸಾದಲ್ಲಿ ಬಕಾರಿ ಅವಳನ್ನು ಕೂರಲೂ ಹೇಳಲಿಲ್ಲ. “ಬರಿಗೈಲಿ ಬರೋಕೆ ಅಷ್ಟು ದೂರ ಹೋಗ್ಬೇಕಿತ್ತಾ?”

“ಕಸ ಕೊಂಡು ತಂದಿದ್ರೆ ಖುಷಿಯಾಗ್ತಿತ್ತಾ ನಿಮಗೆ? ಆ ಹೋಟೆಲ್ ವಾಸನೆಗೇ ನಾಲಗೆ ಕೆಟ್ಟಿದ್ದು.”

“ತಪ್ಪನ್ನ ಹೋಟೆಲ್ ಮೇಲೆ ಹಾಕ್ಬೇಡ.”

“ಹೋಟೆಲ್ ಆರಿಸಿದ್ದು ನಾನಲ್ಲ!”

ಗುಮಾಸ್ತರೆಲ್ಲ ತಲೆಯೆತ್ತಿ ನೋಡಿದರು. ಬಕಾರಿ ಮಾತು ಬದಲಿಸಿದ. ಆ ವರ್ಷ ಅವಳನ್ನು ಮತ್ತೆಲ್ಲಿಗೂ ಕಳಿಸಲಿಲ್ಲ. ಅವಳೂ ಕೇಳಲಿಲ್ಲ. ಕಿಟಕಿಯಿಲ್ಲದ ಹಿಂಬದಿಯ ಕೋಣೆಯಲ್ಲಿ, ಮುಖ ಗಂಟಿಕ್ಕಿಕೊಂಡೇ, ದಿನಾ ಬಟ್ಟಲು ಹೀರಿ ಉಗುಳುತ್ತ ಹೋದಳು.