ಕೆಮ್ಮಿನ ಕಟ್ಟೆ

ಮೊನ್ನೆ ಯಾಲಕ್ಕಿ ಹುಡುಕುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ಹೈದರಾಬಾದಿನ ನಾರಾಯಣಗೂಡದ ಮನೆ ಬಿಟ್ಟು ಗಚ್ಚಿಬೌಲಿಯ ಈ ಅಪಾರ್ಟ್‌ಮೆಂಟಿಗೆ ಬಂದಾಗ ಅವಳ ಅಡುಗೆಮನೆಯ ಡಬ್ಬಿಗಳೆಲ್ಲ ನನ್ನ ಬೆನ್ನು ಹತ್ತಿ ಬಂದಿದ್ದವು. ಹಿಂದಿನ ಸಾಲಿನಲ್ಲಿ, ಸಾಸಿವೆ ಡಬ್ಬಿಯ ಮರೆಯಲ್ಲಿ, ತಿರುಗಿಸಿ ಮುಚ್ಚುವ ಮುಚ್ಚಳದ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಒಳಗೆ ಬಣ್ಣ ಹೋದ ನಾಲ್ಕು ಯಾಲಕ್ಕಿ. ಮುಚ್ಚಳ ತೆಗೆದರೆ ಘಮ ಇನ್ನೂ ಸ್ವಲ್ಪ ಇತ್ತು. ಅಲ್ಲೇ ನಿಂತು ಒಬ್ಬಳೇ ನಕ್ಕೆ, ಆಮೇಲೆ ಸಿಟ್ಟು ಬಂತು. ಅದು ಯಾಲಕ್ಕಿ ಡಬ್ಬಿಯೇ ಅಲ್ಲ. ಆಸ್ಪತ್ರೆಯಲ್ಲಿ ಕಫ ಪರೀಕ್ಷೆಗೆಂದು ಕೊಡುವ ಡಬ್ಬಿ.

ಅದನ್ನು ನಮ್ಮ ಮನೆಗೆ ತಂದವರು ಅಕ್ಕೋರು. ನಮ್ಮಿಂದ ಎರಡು ಮನೆ ಆಚೆ ಇದ್ದರು. ಕನ್ನಡ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಹೇಳಿ ನಿವೃತ್ತರಾಗಿದ್ದವರು. ನಮ್ಮ ರಾಯಚೂರು, ಕಲಬುರ್ಗಿ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುವುದರಿಂದ ಇಡೀ ಓಣಿಗೆ ಅವರು ಅಕ್ಕೋರೇ; ತೆಲುಗಿನವರೂ ಹಾಗೇ ಕರೆಯುತ್ತಿದ್ದರು. ಅವ್ವ ಒಮ್ಮೆ ನೆಗಡಿಯಾಗಿ ಕೆಮ್ಮಿದ್ದೇ ತಪ್ಪಾಯಿತು, ಈ ಡಬ್ಬಿ ಹಿಡಿದುಕೊಂಡು ಬಂದುಬಿಟ್ಟರು. ಅಕ್ಕೋರ ಮಾತನ್ನು ಪೂರ್ತಿ ಕೇಳುವ ತಾಳ್ಮೆ ಓಣಿಯಲ್ಲಿ ಯಾರಿಗಿತ್ತು? ಅವ್ವ ಹೂಂ ಹೂಂ ಎಂದು ಕಳಿಸಿ, ಮುಚ್ಚಳ ಗಟ್ಟಿ ಇದೆಯೆಂದು ಯಾಲಕ್ಕಿ ತುಂಬಿದಳು. ಅದು ಏತರದ್ದು ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಅವಳು ಇಡೀ ಅಡುಗೆಮನೆಯನ್ನೇ ತೊಳೆಯುತ್ತಿದ್ದಳು.

ಆ ಹೆಂಗಸಿನ ಕಾಟ ಅಷ್ಟಿಷ್ಟಲ್ಲ. ಶ್ರಾವಣದ ಅರಿಶಿನ ಕುಂಕುಮಕ್ಕೆ ಕರೆದರೆ, ಉಡಿಯಲ್ಲಿ ಎಲೆ ಅಡಿಕೆ ಹಾಕಿಸಿಕೊಳ್ಳುತ್ತಲೇ ‘ಎರಡು ವಾರ ಕೆಮ್ಮು ಇದ್ದರ ಕಫ ತೋರಸ್ರಿ’ ಎಂದು ಶುರು ಮಾಡುತ್ತಿದ್ದರು. ಸಿಕಂದರಾಬಾದಿನ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮಿದರೆ ಇವರ ಕುತ್ತಿಗೆ ಅತ್ತ ತಿರುಗುತ್ತಿತ್ತು. ಅಪರಿಚಿತ ಗಂಡಸನ್ನು ಹಿಂದಿಯಲ್ಲಿ ‘ಎಷ್ಟು ದಿನದಿಂದ?’ ಎಂದು ವಿಚಾರಿಸುತ್ತಿದ್ದರು. ಪಕ್ಕದಲ್ಲಿ ಕೂತ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ, ಈಕೆ ಯಾರೋ ನನಗೆ ಗೊತ್ತೇ ಇಲ್ಲ ಎನ್ನುವ ಹಾಗೆ. ಒಂದು ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ವರನ ಸೋದರಮಾವನನ್ನು ಮೂಲೆಗೆ ಕರೆದು ಪ್ರಶ್ನೆ ಹಾಕಿ, ಬೀಗರ ಕೈಯಲ್ಲಿ ಅನ್ನಿಸಿಕೊಂಡಿದ್ದರು.

ಅನ್ನಿಸಿಕೊಂಡರೂ ಬಿಡುತ್ತಿರಲಿಲ್ಲ. ‘ಇದಕ್ಕ ಔಷಧ ಐತಿ, ಪುಕ್ಕಟ ಐತಿ. ಆದರೂ ಜಗತ್ತಿನ ತುಂಬ ಜನ ಸಾಯಾಕತ್ತಾರ. ಸಾಯೋರು ಯಾರು? ಒಂದ ಖೋಲ್ಯಾಗ ಐದು ಮಂದಿ ಮಲಗೋರು. ಅದು ಯಾ ದೇಶ ಇದ್ದರೂ ಅಷ್ಟ,’ ಎನ್ನುತ್ತಿದ್ದರು. ಇದನ್ನು ಅವರು ಯಾವುದೋ ಪುಸ್ತಕ ಓದಿ ಹೇಳುತ್ತಿರಲಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಅವರಿಗೇ ಕ್ಷಯ ಬಂದಿತ್ತು. ಅಪ್ಪ ಅವರನ್ನು ಒಂದು ವರ್ಷ ಹಿಂದಿನ ಕೋಣೆಯಲ್ಲಿಟ್ಟು, ಕೇಳಿದವರಿಗೆ ಸೋದರಮಾವನ ಊರಿಗೆ ಹೋಗಿದ್ದಾಳೆ ಎಂದು ಹೇಳಿದ್ದರಂತೆ. ಮನೆಗೆ ಗೆಳತಿಯರು ಬಂದಾಗ ಬಾಯಿಗೆ ಸೆರಗು ತುರುಕಿಕೊಂಡು ಕೆಮ್ಮು ನುಂಗುತ್ತಿದ್ದರಂತೆ... ರೋಗ ವಾಸಿಯಾಯಿತು, ಮದುವೆ ಆಗಲಿಲ್ಲ. ಆ ಕೋಣೆಯ ಮೇಲಿನ ಸಿಟ್ಟು ಮಾತ್ರ ಸಾಯುವವರೆಗೂ ಇತ್ತು.

ಅದಕ್ಕೇ ಅವರ ಕಟ್ಟೆ. ಮನೆಯ ಮುಂದೆ ಬೀದಿಗೆ ಮುಖ ಮಾಡಿದ ಉದ್ದನೆಯ ಕಲ್ಲುಕಟ್ಟೆ ಇತ್ತು. ಆರೋಗ್ಯ ಕೇಂದ್ರದವರು ಸುತ್ತಲಿನ ರೋಗಿಗಳ ಮಾತ್ರೆಗಳನ್ನು ಅಕ್ಕೋರಿಗೆ ಒಪ್ಪಿಸಿದ್ದರು. ರೋಗಿ ಬಂದು ಇವರ ಕಣ್ಣೆದುರೇ ನುಂಗಬೇಕು, ಇವರು ಕಾರ್ಡಿನಲ್ಲಿ ಗುರುತು ಹಾಕಬೇಕು. ಬೆಳಿಗ್ಗೆ ಏಳಕ್ಕೆ ಐದಾರು ಮಂದಿ ಸಾಲಾಗಿ ಕೂರುತ್ತಿದ್ದರು. ಒಬ್ಬ ಆಟೋದವನು, ಕೋಚಿಂಗ್ ಹಾಸ್ಟೆಲಿನ ಒಬ್ಬ ಹುಡುಗಿ, ಒಬ್ಬ ಟೈಲರ್... ಅಕ್ಕೋರು ತಂಬಿಗೆ ಹಿಡಿದು ನೀರು ಹಾಕುತ್ತ ತರಗತಿಯ ದನಿಯಲ್ಲೇ ಹೇಳುತ್ತಿದ್ದರು: ‘ಉಚ್ಚಿ ಕೆಂಪಗ ಬರ್ತಾವ, ಅಂಜಬ್ಯಾಡ್ರಿ! ಗುಳಿಗಿ ಬಣ್ಣ ಅದು!’ ಹಾಲು ತರಲು ಹೋಗುವವರೆಲ್ಲ ಕೇಳುತ್ತಿದ್ದರು. ಒಳಗೆ ಕೂಡಿಸಿ ಎಂದು ಕೇಂದ್ರದವರೇ ಎಷ್ಟೋ ಸಲ ಹೇಳಿದರು. ಬಚ್ಚಿಟ್ಟರೆ ನಾಚಿಕೆ ಹೋಗುವುದಿಲ್ಲ, ನಾಲ್ಕು ಜನ ನೋಡಿ ನೋಡಿ ರೂಢಿಯಾಗಬೇಕು ಎಂಬುದು ಅಕ್ಕೋರ ಹಟ. ನಾಲ್ಕು ಜನ ನೋಡಿದರು. ನೋಡಿ ‘ಕೆಮ್ಮಿನ ಕಟ್ಟೆ’ ಎಂದು ಹೆಸರಿಟ್ಟರು.

ನಮ್ಮ ಮನೆಗೆ ರೊಟ್ಟಿ ಮಾಡಲು ಒಬ್ಬಾಕೆ ಬರುತ್ತಿದ್ದಳು. ಯಾದಗಿರಿ ಕಡೆಯವಳು. ನಾವು ಚಿಗವ್ವ ಎನ್ನುತ್ತಿದ್ದೆವು. ಗಂಡ ಯಾವುದೋ ದೊಡ್ಡ ಕಟ್ಟಡದ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡಿದ್ದ. ಮಗಳು ಊರಲ್ಲಿ ಅಜ್ಜಿಯ ಹತ್ತಿರ ಓದುತ್ತಿದ್ದಳು. ಓಣಿಯ ಏಳು ಕನ್ನಡದ ಮನೆಗಳಿಗೆ ಚಿಗವ್ವನೇ ಜೋಳದ ರೊಟ್ಟಿ ಬಡಿಯಬೇಕು. ಕೈ ಅಂದರೆ ಕೈ! ರೊಟ್ಟಿ ಹೆಂಚಿನ ಮೇಲೆ ಬಿದ್ದರೆ ಒಂದು ಬಿರುಕಿಲ್ಲ. ಅವಳಿಗೆ ಕೆಮ್ಮು ಶುರುವಾಗಿ ಒಂದು ತಿಂಗಳೇ ಆಗಿತ್ತು. ಹಿಟ್ಟಿನ ಧೂಳು ಎಂದು ಅವಳು ಅಂದಳು, ಹೌದೆಂದು ನಾವೂ ಅಂದೆವು. ನಮಗೆ ರೊಟ್ಟಿ ಬರುತ್ತಿದ್ದರೆ ಸಾಕಾಗಿತ್ತು.

ಅಕ್ಕೋರಿಗೆ ಮಾತ್ರ ಸಾಕಾಗಲಿಲ್ಲ. ಕೈ ಹಿಡಿದು ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಕ್ಷಯವೇ. ಮೊದಲ ಕೆಲವು ವಾರ ಕೆಲಸಕ್ಕೆ ಹೋಗಬೇಡ, ಆಮೇಲೆ ಡಾಕ್ಟರು ಹೇಳಿದಾಗ ಹೋಗು, ಮಾತ್ರೆ ಆರು ತಿಂಗಳು ತಪ್ಪಿಸಬೇಡ ಎಂದು ತಾಕೀತು ಮಾಡಿದರು. ಚಿಗವ್ವ ಏಳೂ ಮನೆಯಲ್ಲಿ ‘ಊರಿಗೆ ಹೋಗಿ ಬರ್ತೀನ್ರಿ’ ಎಂದು ಹೇಳಿ ರಜೆ ಹಾಕಿದಳು. ಅಕ್ಕೋರ ಕಾಲು ಹಿಡಿದು ಕೇಳಿಕೊಂಡಿದ್ದು ಒಂದೇ ಒಂದು. ಇದು ನನಗೆ ಆಮೇಲೆ ಅಕ್ಕೋರೇ ಹೇಳಿದ್ದು.

‘ಹಿತ್ತಲ ಬಾಗಲಿಂದ ಬಂದು ನುಂಗಿ ಹೋಗ್ತೀನ್ರಿ ಅಕ್ಕೋರ. ಕಟ್ಟಿ ಮ್ಯಾಲೆ ಬ್ಯಾಡ್ರಿ.’

‘ಯಾಕ? ನೀ ಏನರ ಕಳವು ಮಾಡೀ ಏನ? ಎದ್ದು ಕಾಣುವಂಗ ಕುಂದರು!’

ಕಾಣುವಂತೆಯೇ ಕೂತಳು. ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಮೂಲೆಯಲ್ಲಿ ಕೂತಿದ್ದಳು. ನಾನು ಅಷ್ಟು ಬೇಗ ಮನೆ ಬಿಡುವವಳಲ್ಲ. ಆ ದಿನ ಆಫೀಸಿನಲ್ಲಿ ಏನೋ ತಪಾಸಣೆ ಇತ್ತು, ಏಳೂಕಾಲಕ್ಕೇ ಹೊರಟೆ. ಸೆರಗು ಮುಖ ಮುಚ್ಚಿತ್ತು, ಕೈ ಮುಚ್ಚಿರಲಿಲ್ಲ. ವರ್ಷಗಟ್ಟಲೆ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿದ ಕೈ, ಗುರುತು ಸಿಗದೇ ಇರುತ್ತದೆಯೇ? ನೋಡಿದೆ, ಬಸ್ಸಿಗೆ ಹೊತ್ತಾಯಿತೆಂದು ಓಡಿದೆ. ಸಂಜೆ ಚಹಾ ಕುಡಿಯುತ್ತ ಅವ್ವನಿಗೆ ಹೇಳಿದೆ: ‘ಊರಿಗೆ ಹೋಗ್ತೀನಿ ಅಂದಾಕಿ ಅಕ್ಕೋರ ಕಟ್ಟಿ ಮ್ಯಾಲೆ ಕುಂತಾಳ ನೋಡವಾ!’

ಅಷ್ಟೇ ಹೇಳಿದ್ದು. ಕೆಟ್ಟ ಮನಸ್ಸೇನೂ ಇರಲಿಲ್ಲ, ಚಹಾದ ಜೊತೆಗೆ ಒಂದು ಸುದ್ದಿ, ಅಷ್ಟೇ. ಆ ‘ಅಷ್ಟೇ’ಯನ್ನು ನೆನೆದರೆ ಇವತ್ತಿಗೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಎರಡು ದಿನದಲ್ಲಿ ಏಳೂ ಮನೆಗೆ ಸುದ್ದಿ ಮುಟ್ಟಿತು.

ಡಾಕ್ಟರು ಒಪ್ಪಿದ ಮೇಲೆ ಚಿಗವ್ವ ಕೆಲಸಕ್ಕೆ ಬಂದಳು. ಮುಖ ಸ್ವಲ್ಪ ತುಂಬಿಕೊಂಡಿತ್ತು, ಕೆಮ್ಮು ಇರಲಿಲ್ಲ. ನಮ್ಮವರಿಗೆ ಬೈದು ಹೊರಗೆ ಹಾಕುವುದು ಗೊತ್ತಿಲ್ಲ, ಅದೇ ದೊಡ್ಡ ರೋಗ. ಅವ್ವ ನಗುನಗುತ್ತಾ ಅವಳನ್ನು ಕೂಡಿಸಿದಳು. ‘ಡಾಕ್ಟರು ನನಗ ರೊಟ್ಟಿ ಬಿಡಂದಾರವಾ, ಇನ್ನ ಮ್ಯಾಲೆ ಅನ್ನನ ಉಣ್ಣೂದು,’ ಎಂದಳು. ಅವ್ವನಿಗೆ ಯಾವ ಡಾಕ್ಟರೂ ಏನೂ ಹೇಳಿರಲಿಲ್ಲ. ಕುಂಕುಮ ಹಚ್ಚಿ, ಕುಪ್ಪಸದ ಖಣ, ಕೊಬ್ಬರಿ ಬಟ್ಟಲು ಇಟ್ಟು ಉಡಿ ತುಂಬಿದಳು. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ಕಳಿಸಿದಳು. ಉಡಿ ತುಂಬುವಾಗ ಬೆರಳು ತಾಗದಂತೆ ಮೇಲಿನಿಂದ ಹಾಕಿದ್ದನ್ನು ನಾನು ನೋಡಿದೆ. ಚಿಗವ್ವನೂ ನೋಡಿದಳು. ಬಗ್ಗಿ ನಮಸ್ಕಾರ ಮಾಡಿ ಹೋದಳು. ಆ ವಾರದಲ್ಲಿ ಏಳೂ ಮನೆಯವರಿಗೆ ರೊಟ್ಟಿ ಸೇರದಂತಾಯಿತು, ಏಳು ಖಣ ಅವಳ ಉಡಿಗೆ ಬಿದ್ದವು. ಅವಳು ಹೋದ ಮೇಲೆ ಅವ್ವ ರೊಟ್ಟಿ ಮಣೆಯನ್ನು ಬ್ಲೀಚಿಂಗ್ ಪೌಡರಿನಲ್ಲಿ ನೆನೆ ಹಾಕಿದಳು.

ಅಕ್ಕೋರು ಉರಿದುಕೊಂಡು ಬಂದರು. ಚಿಗವ್ವನ ಕೈಯಲ್ಲಿ ಮಾಡಿಸಿದ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು, ನಮ್ಮ ಪಡಸಾಲೆಯಲ್ಲಿ ನಿಂತೇ ಮುರಿದು ತಿಂದರು. ‘ರೊಟ್ಟ್ಯಾಗ ಬರೂದಲ್ರೀ ಅದು, ಗಾಳ್ಯಾಗ ಬರೂದು. ಈಗ ಆಕಿ ಕಡಿಂದ ಯಾರಿಗೂ ಹತ್ತೂದಿಲ್ಲಂತ ಡಾಕ್ಟರ ಹೇಳ್ಯಾರ. ಕೂಳು ಕಿತಗೊಂಡ್ರ ಗುಳಿಗಿ ಹೆಂಗ ನುಂಗ್ತಾಳ್ರಿ?’ ಅವ್ವ ಸೆರಗಿನ ಚುಂಗು ತಿರುವುತ್ತ ಕೂತಿದ್ದಳು. ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಚುಚ್ಚಿದಾಗ ಮನುಷ್ಯರು ಮಾಡುವುದನ್ನೇ ನಾನೂ ಮಾಡಿದೆ.

‘ಆಕಿ ಹಿತ್ತಲಿಂದ ಬರ್ತೀನಂದ್ಲಂತ ನೀವ ಹೇಳೀರಿ. ಮತ್ತ ಯಾಕ ಕಟ್ಟಿ ಮ್ಯಾಲೆ ಕುಂದರಿಸಿದ್ರಿ ಅಕ್ಕೋರ?’

ಅವರ ಬಾಯಲ್ಲಿ ರೊಟ್ಟಿಯ ತುತ್ತು ಇತ್ತು. ಅದನ್ನು ಅಗಿಯುವುದನ್ನೇ ಬಿಟ್ಟು ನನ್ನನ್ನು ನೋಡಿದರು. ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದರು. ನಾನು ಕೇಳಿದ್ದು ಸುಳ್ಳೂ ಆಗಿರಲಿಲ್ಲ. ಆದರೆ ಅದನ್ನು ಕೇಳುವ ಯೋಗ್ಯತೆ ಓಣಿಯಲ್ಲಿ ಯಾರಿಗಾದರೂ ಇಲ್ಲದಿದ್ದರೆ ಅದು ನನಗೆ.

ಚಿಗವ್ವ ಎರಡನೇ ತಿಂಗಳು ಮುಗಿಯುವ ಮೊದಲೇ ಖೋಲಿ ಖಾಲಿ ಮಾಡಿ ಊರಿಗೆ ಹೋದಳು. ಅಕ್ಕೋರು ಮಾತ್ರೆಗಳನ್ನು ಚೀಲಕ್ಕೆ ಹಾಕಿಕೊಂಡು ಆ ವಯಸ್ಸಿನಲ್ಲಿ ಬಸ್ಸು ಬದಲಿಸಿ ಬದಲಿಸಿ ಯಾದಗಿರಿಗೆ ಹೋದರು. ಅಲ್ಲಿ ಅವಳಿರಲಿಲ್ಲ, ಪುಣೆ ಕಡೆ ದುಡಿಯಲು ಹೋಗಿದ್ದಳು. ಕೆಮ್ಮು ನಿಂತಿತ್ತಲ್ಲ, ಆರಾಮಾಯಿತು ಅಂದುಕೊಂಡಿದ್ದಳು. ಅಕ್ಕೋರು ವಾರಕ್ಕೆರಡು ಸಲ ಫೋನು ಮಾಡಿ ಬೇಡಿಕೊಂಡರು, ಬೈದರು, ಅತ್ತರು. ವರ್ಷ ತುಂಬುವುದರೊಳಗೆ ಅವಳ ತಮ್ಮ ಅವಳನ್ನು ಎತ್ತಿಕೊಂಡು ಹೈದರಾಬಾದಿಗೇ ತಂದ. ಹಳೆಯ ಮಾತ್ರೆ ಈಗ ಕೆಲಸ ಮಾಡುವುದಿಲ್ಲ ಎಂದರು ಡಾಕ್ಟರು. ಬೇರೆ ಔಷಧ ಶುರು ಮಾಡಿದರು, ಅದಕ್ಕೆ ಬೇಕಾದಷ್ಟು ಮೈ ಅವಳಲ್ಲಿ ಉಳಿದಿರಲಿಲ್ಲ... ಅವಳು ಜೀವ ಬಿಟ್ಟಾಗ ಆಸ್ಪತ್ರೆಯಲ್ಲಿ ಪಕ್ಕ ಕೂತಿದ್ದವರು ಅಕ್ಕೋರು. ಏಳು ಮನೆಯವರಲ್ಲಿ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಆಮೇಲೆ ಕಟ್ಟೆ ಖಾಲಿಯಾಯಿತು. ಅಕ್ಕೋರು ಮಾತ್ರೆಗಳನ್ನು ಕಾಯಿಪಲ್ಲೆಯ ಕೆಳಗಿಟ್ಟುಕೊಂಡು ತಾವೇ ಹೊರಡುತ್ತಿದ್ದರು. ಆಟೋ ಸ್ಟ್ಯಾಂಡು, ಹಾಸ್ಟೆಲಿನ ಗೇಟು, ಟೈಲರನ ಅಂಗಡಿ, ಯಾರು ಎಲ್ಲಿ ಕರೆದರೆ ಅಲ್ಲಿಗೆ. ನೋಡಿದವರಿಗೆ ಸಂತೆಗೆ ಹೊರಟ ಮುದುಕಿ. ದನಿ ಇಳಿದಿತ್ತು. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಹೋಗಿ ಪಕ್ಕದಲ್ಲಿ ಕೂತು ಮೊದಲು ಊರು, ಮಕ್ಕಳು, ಕೆಲಸ ಎಲ್ಲ ವಿಚಾರಿಸುತ್ತಿದ್ದರು. ನನ್ನ ಮೇಲೆ ಸಿಟ್ಟೇನೂ ತೋರಿಸಲಿಲ್ಲ. ಒಮ್ಮೆ ಮಾತ್ರ ಅಂದರು: ‘ನನ್ನಪ್ಪ ನನ್ನ ಮುಚ್ಚಿಟ್ಟ ಅಂತ ಸಿಟ್ಟಿತ್ತು ತಂಗಿ. ಆ ಸಿಟ್ಟು ನಾ ಆಕಿ ಮ್ಯಾಲೆ ತೀರಿಸಿಕೊಂಡೆ.’ ಅಲ್ಲ ಅಕ್ಕೋರ, ಸುದ್ದಿ ಹೊತ್ತವಳು ನಾನು ಎಂದು ಆಗ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಕರೋನಾ ಎಲ್ಲ ತಣ್ಣಗಾದ ಮೇಲೆ ಒಂದು ದಿನ ಅವರು ಕುರ್ಚಿಯಲ್ಲಿ ಕೂತಲ್ಲೇ ಹೋದರು. ಹೃದಯ ನಿಂತಿತಂತೆ. ಮಣ್ಣಿಗೆ ಹೋದಾಗ ನಾನು ಗುರುತು ಹಿಡಿಯದ ಎಷ್ಟೋ ಜನ ಅಲ್ಲಿದ್ದರು, ಒಬ್ಬೊಬ್ಬರೂ ದೂರ ದೂರ ನಿಂತು ಅಳುತ್ತಿದ್ದರು.

ಈಗಿನ ನನ್ನ ಮನೆಗೆ ಪಾತ್ರೆ ತೊಳೆಯಲು ಒಬ್ಬ ತೆಲುಗು ಹೆಂಗಸು ಬರುತ್ತಿದ್ದಳು. ನಾಲ್ಕು ವರ್ಷದಿಂದ. ಹೋದ ತಿಂಗಳ ಕೊನೆಗೆ ನಾನು ಹಾಲ್‌ನಲ್ಲಿ ಕೂತಿದ್ದಾಗ ಅವಳು ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟದ್ದು ಕೇಳಿಸಿತು. ನೀರು ಯಾಕೆ ಪೋಲು ಮಾಡುತ್ತಾಳೆ ಎಂದು ರೇಗಿಕೊಂಡು ಎದ್ದು ಹೋದೆ. ಗೋಡೆಗೆ ತಿರುಗಿ, ಎರಡೂ ಕೈಯಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು. ನನಗೆ ಕೇಳಬಾರದೆಂದು ನಲ್ಲಿ ಬಿಟ್ಟಿದ್ದಳು. ಎಷ್ಟು ದಿನದಿಂದ ಎಂದು ಕೇಳಿದೆ. ‘ಏಮೀ ಲೇದಮ್ಮಾ, ದುಮ್ಮು,’ ಎಂದಳು. ಏನೂ ಇಲ್ಲ, ಧೂಳಂತೆ.

ನನಗೆ ಗೊತ್ತಿದ್ದಷ್ಟು ತೆಲುಗಿನಲ್ಲಿ ಎಲ್ಲ ಹೇಳಿದೆ. ನಾಳೆ ನಾನೇ ಜೊತೆಗೆ ಬರುತ್ತೇನೆ, ಪರೀಕ್ಷೆ ಮಾಡಿಸೋಣ, ಏನೇ ಇರಲಿ ಕೆಲಸ ಹೋಗುವುದಿಲ್ಲ, ಯಾರಿಗೂ ಹೇಳುವುದಿಲ್ಲ, ಮಾತ್ರೆ ಇದೆ, ವಾಸಿಯಾಗುತ್ತದೆ. ಅವಳು ಎಲ್ಲದಕ್ಕೂ ತಲೆ ಅಲ್ಲಾಡಿಸಿದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನು ಸ್ವಿಚ್ ಆಫ್.

ಹನ್ನೊಂದು ದಿನವಾಯಿತು. ಕೆಳಗೆ ಹೋಗಿ ವಾಚ್‌ಮನ್‌ನನ್ನು ವಿಚಾರಿಸಿದೆ, ಅಕ್ಕಪಕ್ಕದ ಫ್ಲ್ಯಾಟಿನ ಕೆಲಸದವರನ್ನು ಕೇಳಿದೆ. ಯಾರೂ ಬಾಯಿ ಬಿಡುವುದಿಲ್ಲ; ಅವಳ ಮೇಲೆ ಏನೋ ದೂರು ಕೊಡಲು ಹುಡುಕುತ್ತಿದ್ದಾಳೆ ಎಂಬಂತೆ ನನ್ನನ್ನು ನೋಡುತ್ತಾರೆ. ಅಕ್ಕೋರು ಇದ್ದಿದ್ದರೆ ಎರಡನೇ ದಿನಕ್ಕೇ ಅವಳ ಬಾಗಿಲಲ್ಲಿ ಹೋಗಿ ಕೂತಿರುತ್ತಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಹೋಗಿ, ಎಡಕ್ಕೋ ಬಲಕ್ಕೋ ತಿಳಿಯದೆ ನಿಂತುಬಿಡುತ್ತೇನೆ. ನಾಲ್ಕು ವರ್ಷ ನನ್ನ ಎಂಜಲು ತಟ್ಟೆ ತೊಳೆದವಳ ಮನೆ ಎಲ್ಲಿದೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.