ಗೋಡೆಗೆ ಕಿವಿಯಿಟ್ಟವನು

ನನ್ನ ತಂಗಿಯ ಗಂಡ ತಣ್ಣಗಿರುವ ಯಾವ ಪೆಟ್ಟಿಗೆಯನ್ನೂ ನಂಬುವವನಲ್ಲ. ಅವನ ಕಸುಬೇ ಫ್ರಿಜ್ ರಿಪೇರಿ. ಐಸ್‌ಕ್ರೀಮ್ ಅಂಗಡಿಯ ಡಬ್ಬ, ಔಷಧಿ ಅಂಗಡಿಯ ಫ್ರಿಜ್ಜು, ಊರಾಚೆಯ ತರಕಾರಿ ಗೋದಾಮಿನ ಕೋಣೆಗಳು, ಎಲ್ಲಕ್ಕೂ ಅವನೇ ಬೇಕು. ಬೀದಿಯವರು ಅವನನ್ನು ಕೂಲಿಂಗ್ ಎಂದೇ ಕರೆಯುವುದು. ನಾನು ಎದುರಿಗೆ ಬಹುವಚನದಲ್ಲಿ ಮಾತಾಡಿಸಿ ಬೆನ್ನ ಹಿಂದೆ ಏಕವಚನಕ್ಕೆ ಇಳಿಯುತ್ತೇನೆ. ಹೆಂಡತಿಯ ಅಕ್ಕನಿಗೆ ಅಷ್ಟೂ ಹಕ್ಕಿಲ್ಲವೇ?

ಮೊದಲ ಸಲ ನಮ್ಮ ಮನೆಗೆ ಬಂದಾಗ ನೀರು ಕೇಳಿಕೊಂಡು ಅಡುಗೆಮನೆಗೆ ಬಂದವನು ನಮ್ಮ ಫ್ರಿಜ್ಜಿನ ಬಾಗಿಲಿಗೆ ಕಾಗದದ ಚೂರೊಂದನ್ನು ಸಿಕ್ಕಿಸಿ ಎಳೆದ. ಅದು ಸಲೀಸಾಗಿ ಈಚೆ ಬಂತು.

"ರಬ್ಬರ್ ಹೋಗಿದೆ ಅಕ್ಕಾ."

"ಚೆನ್ನಾಗೇ ಓಡ್ತಾ ಇದೆಯಲ್ಲ?"

"ಓಡ್ತಾ ಇದೆ ಅಂದ್ರೆ ತಣ್ಣಗಿದೆ ಅಂತ ಅರ್ಥ ಅಲ್ಲ."

ಫ್ರಿಜ್ಜನ್ನೇ ನಂಬದವನು ಹೆಂಡತಿಯನ್ನು ನಂಬುತ್ತಾನೆಯೇ ಎಂದು ನನಗೆ ಆವತ್ತೇ ಅನುಮಾನ ಹತ್ತಿತು. ಆದರೆ ಅನುಮಾನದ ವಿಷಯಕ್ಕೆ ಬಂದರೆ ನಾನು ಅವನಿಗಿಂತ ಒಂದು ಕೈ ಮೇಲೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಹೇಳಿಕೊಳ್ಳಲಿ.

ಅವರಿಬ್ಬರದು ನಮ್ಮ ಮನೆಯ ಮಹಡಿಯ ಮೇಲಿನ ವಾಸ. ತಂಗಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಬಗ್ಗಿಸಿ, ಸಡಿಲವಾದ ಸ್ಕ್ರೂ ಬಿಗಿ ಮಾಡಿಕೊಡುವುದು. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಲಿಲ್ಲ. ಕೊನೆಗೆ ಅದಕ್ಕೆಂದೇ ಇರುವ ಆಸ್ಪತ್ರೆಗೆ ಹೋದರು. ಅಲ್ಲಿ ಲ್ಯಾಬಿನಲ್ಲಿ ಭ್ರೂಣ ಬೆಳೆಸಿದರು. ಮೊದಲು ಒಳಗಿಟ್ಟದ್ದು ನಿಲ್ಲಲಿಲ್ಲ. ಉಳಿದ ಎರಡನ್ನು ಹೆಪ್ಪುಗಟ್ಟಿಸಿ ತೆಗೆದಿಟ್ಟರು. ಇನ್ನೊಂದು ಸಲ ಇಂಜೆಕ್ಷನ್ನು, ಆಪರೇಷನ್ನು ಎಲ್ಲವನ್ನೂ ಮೊದಲಿನಿಂದ ತಡೆದುಕೊಳ್ಳುವ ಶಕ್ತಿ ನನ್ನ ತಂಗಿಗೆ ಇರಲಿಲ್ಲ. ಹಾಗಾಗಿ ಇದ್ದದ್ದು ಆ ಎರಡೇ.

ಆಮೇಲೆ ಶುರುವಾಯಿತು ನೋಡಿ ಕಾಯುವುದು. ಈ ತಿಂಗಳು ಗರ್ಭಕೋಶದ ಒಳಪದರ ತೆಳುವಾಗಿದೆ, ಮುಂದಿನ ತಿಂಗಳು ಬನ್ನಿ. ಮುಂದಿನ ತಿಂಗಳು ಹೋದರೆ ಡಾಕ್ಟರು ರಜೆ. ಅದರ ಮುಂದಿನ ತಿಂಗಳು ಹಾರ್ಮೋನು ಸರಿಯಿಲ್ಲ. ಎಷ್ಟೋ ಸಲ ನಾನೂ ಜೊತೆಗೆ ಹೋಗಿ ಕೂತಿದ್ದೇನೆ. ಆ ಕಾಯುವ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಒಬ್ಬಳು ನಕ್ಕರೆ ಉಳಿದವರೆಲ್ಲ ಅವಳ ಹೊಟ್ಟೆಯ ಕಡೆ ಕಳ್ಳನೋಟ ಹಾಕುತ್ತಾರೆ. ಮೂಲೆಯಲ್ಲಿ ಗಾಜಿನ ತೊಟ್ಟಿ, ಅದರಲ್ಲಿ ಕೆಂಪು ಮೀನು. ಒಂದು ಸತ್ತರೆ ಗೊತ್ತಾಗದ ಹಾಗೆ ಇನ್ನೊಂದನ್ನು ತಂದು ಬಿಡುತ್ತಾರೆ ಎಂಬ ಗುಮಾನಿ ನನಗೆ. ಕೌಂಟರಿನ ಹುಡುಗಿಯನ್ನು ಏನು ಕೇಳಿದರೂ "ಎಲ್ಲಾ ಚೆನ್ನಾಗಿದೆ ಮೇಡಂ" ಎನ್ನುತ್ತಿದ್ದಳು. ಎಲ್ಲಾ ಚೆನ್ನಾಗಿದ್ದರೆ ನಾವು ಇಲ್ಲಿಗೆ ಯಾಕೆ ಬರುತ್ತಿದ್ದೆವು ತಾಯಿ?

ತಂಗಿ ಮನೆಯಲ್ಲಿ ಮಾತು ಕಡಿಮೆ ಮಾಡಿದಳು. ಅಂಗಡಿಯಿಂದ ಬಂದು, ಅಡುಗೆ ಮಾಡಿಟ್ಟು, ಕಿಟಕಿಯ ಬಳಿ ಕೂತು ಸಂಜೆಯನ್ನು ದೂಡುತ್ತಿದ್ದಳು. ಗಂಡ ಪಕ್ಕದಲ್ಲಿರಬೇಕಾದ ಹೊತ್ತು ಅದು. ಅವನು ಇರುತ್ತಿರಲಿಲ್ಲ. ದಿನಾ ತಡ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಕೇಳಿದರೆ "ಒಂದು ಕಂಪ್ಲೇಂಟ್ ಇತ್ತು" ಎನ್ನುವನು. ಯಾರದು ಎಂದರೆ "ಹಳೇ ಗಿರಾಕಿ" ಎನ್ನುವನು. ಕೆಲಸ ಮಾಡಿ ಬಂದವನ ಕೈಯಲ್ಲಿ ಮಸಿ ಇರಬೇಕು. ನಾನು ಮೆಟ್ಟಿಲ ಬುಡದಲ್ಲಿ ನಿಂತು ನೋಡುತ್ತಿದ್ದೆ: ಕೈ ಸ್ವಚ್ಛ, ಷರಟು ಸ್ವಚ್ಛ.

ಒಂದು ಸಂಜೆ ನಾನು ಹಲ್ಲು ತೋರಿಸಿಕೊಂಡು ದಂತವೈದ್ಯರ ಹಿಂಬಾಗಿಲಿನಿಂದ ಗಲ್ಲಿಗೆ ಇಳಿದೆ. ದೊಡ್ಡ ರಸ್ತೆಯ ಕಟ್ಟಡಗಳ ಹಿಂಭಾಗವೆಲ್ಲ ಆ ಗಲ್ಲಿಗೆ ಬರುತ್ತದೆ. ಕಟ್ಟಡಕ್ಕೆ ಮುಖ ಇರುವುದು ಮುಂದೆ ಮಾತ್ರ. ಹಿಂದಿನಿಂದ ನೋಡಿದರೆ ಬ್ಯಾಂಕು ಯಾವುದು, ಆಸ್ಪತ್ರೆ ಯಾವುದು ಹೇಳಲಾಗದು, ಬರೀ ಪೈಪು, ಕಸದ ಡಬ್ಬ. ಎದುರಿಗೆ ಮಾತ್ರ ಒಂದು ಬೋರ್ಡು ಚೆನ್ನಾಗಿ ಕಾಣುತ್ತಿತ್ತು: ಮಹಿಳಾ ಹಾಸ್ಟೆಲ್. ಅದರ ಗೇಟಿನ ಎದುರು ಗೋಡೆಗೆ ಒರಗಿ ನಿಂತಿದ್ದವನು ನಮ್ಮ ಕೂಲಿಂಗ್. ನನ್ನ ಅರ್ಧ ಬಾಯಿ ಮರಗಟ್ಟಿತ್ತು. ಇಲ್ಲದಿದ್ದರೆ ಅಲ್ಲೇ ಕೂಗಿಬಿಡುತ್ತಿದ್ದೆ.

ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ? ಮರುದಿನವೂ ಹೋಗಿ ನೋಡಿದೆ. ಅದೇ ಜಾಗ, ಅದೇ ಹೊತ್ತು. ಹೊಟ್ಟೆಯಲ್ಲಿಟ್ಟುಕೊಳ್ಳಲು ನನ್ನಿಂದಾಗಲಿಲ್ಲ. ಆ ವೇಳೆಗೆ ಕೊನೆಗೂ ಆಸ್ಪತ್ರೆಯವರು ದಿನ ಗೊತ್ತು ಮಾಡಿದ್ದರು. ಒಳಪದರ ಈಗ ಸರಿಯಿದೆ, ನಾಳೆ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಂದು ಸಹಿ ಹಾಕಿದರೆ ಎರಡನ್ನೂ ಕರಗಿಸಿ ಅವತ್ತೇ ಒಳಗಿಡುತ್ತೇವೆ ಎಂದು ಫೋನ್ ಬಂದಿತ್ತು. ಹೇಳುವುದಾದರೆ ಈಗಲೇ ಹೇಳಬೇಕು ಎಂದು ಅದರ ಮರುದಿನ ಮೇಲೆ ಹೋದೆ.

ತಂಗಿ ಪೂರ್ತಿ ಕೇಳಿಸಿಕೊಂಡಳು. ಅಳಲಿಲ್ಲ, ಬೈಯಲಿಲ್ಲ.

"ನಂಗೂ ಅನುಮಾನ ಇತ್ತು ಅಕ್ಕ," ಎಂದಳು. "ನನ್ನಿಂದ ಆಗೋದಿಲ್ಲ ಅಂತ ಅವರಿಗೆ ಅನ್ನಿಸಿಬಿಟ್ಟಿದೆ. ಬೇರೆ ದಾರಿ ನೋಡ್ಕೊಂಡಿರಬೇಕು."

"ನಾಳೆ ಏನೇ ಮಾಡ್ತೀಯ ಹಾಗಾದ್ರೆ?"

"ಇದು ನಿಜ ಆದ್ರೆ ಸಹಿ ಹಾಕಲ್ಲ. ಆ ಎರಡನ್ನೂ ಬಿಸಾಕಿ ಅಂತ ಬರೆದುಕೊಡ್ತೀನಿ. ಅಪ್ಪನಿಗೇ ಬೇಡದ ಮಗು ನಂಗ್ಯಾಕೆ?"

ಬಿಸಾಕುವುದೆಂದರೆ? ಇಷ್ಟು ವರ್ಷ ಚುಚ್ಚಿಸಿಕೊಂಡದ್ದು ಅವಳು. "ಕಣ್ಣಾರೆ ನೋಡದೆ ಯಾವ ತೀರ್ಮಾನಕ್ಕೂ ಬರ್ಬೇಡ," ಎಂದು ಸಂಜೆ ಅವಳನ್ನು ಆ ಗಲ್ಲಿಗೆ ಎಳೆದುಕೊಂಡು ಹೋದೆ.

ಅವನು ಅಲ್ಲೇ ಇದ್ದ. ನಾವು ಹಾಸ್ಟೆಲ್ಲಿನ ಕಾಂಪೌಂಡಿನ ಮರೆಯಲ್ಲಿ ನಿಂತೆವು. ಯಾವ ಹೆಂಗಸೂ ಬರಲಿಲ್ಲ. ಅವನು ಹಾಸ್ಟೆಲ್ಲಿನ ಕಡೆ ಕತ್ತೆತ್ತಿಯೂ ನೋಡಲಿಲ್ಲ. ಅದರ ಎದುರಿನ ಗೋಡೆಯಲ್ಲಿ ಒಂದು ಜಾಲರಿ ಇತ್ತು, ಒಳಗಿನಿಂದ ಯಾವುದೋ ಮೋಟರು ಗುಂಯ್ ಎನ್ನುತ್ತಿತ್ತು. ಅವನು ಜಾಲರಿಯ ಪಕ್ಕಕ್ಕೆ ಅಂಗೈ ಊರಿ, ಕಣ್ಣು ಮುಚ್ಚಿ, ಕಿವಿ ಆನಿಸಿ ನಿಂತಿದ್ದ. ಇದ್ದಕ್ಕಿದ್ದ ಹಾಗೆ ಸದ್ದು ನಿಂತಿತು. ಅವನ ಮುಖದ ಬಣ್ಣವೇ ಇಳಿದುಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಸದ್ದು ಶುರುವಾಯಿತು. ಅವನು ಉಸಿರು ಬಿಟ್ಟ.

ನನ್ನ ತಂಗಿ ನನ್ನ ಕೈ ಕೊಡವಿಕೊಂಡು ನೆಟ್ಟಗೆ ಅವನ ಮುಂದೆ ಹೋಗಿ ನಿಂತಳು.

"ಇಲ್ಲೇನ್ ಮಾಡ್ತಿದ್ದೀರಿ?"

ಬೆಣ್ಣೆ ಕದ್ದ ಬೆಕ್ಕಿನ ಹಾಗೆ ಅವನು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದ.

"ಇದು ನಮ್ಮ ಆಸ್ಪತ್ರೆ ಹಿಂಭಾಗ," ಎಂದ ಮೆಲ್ಲಗೆ. "ಅವೆರಡೂ ಒಳಗಿದಾವಲ್ಲ. ಮೋಟರು ಸರಿಯಾಗಿ ಓಡ್ತಿದೆಯಾ ಅಂತ ಕೇಳ್ತಿದ್ದೆ."

"ದಿನಾನಾ?"

"ದಿನಾ. ಪದೇಪದೇ ನಿಂತು ಶುರು ಆಗ್ತಾ ಇದೆ, ಅದು ಒಳ್ಳೇ ಲಕ್ಷಣ ಅಲ್ಲ. ಒಳಗೆ ಯಾರನ್ನ ಕೇಳಿದ್ರೂ ಎಲ್ಲಾ ಚೆನ್ನಾಗಿದೆ ಸಾರ್ ಅಂತಾರೆ. ಹೆಂಗೆ ನಂಬಲಿ? ನಾನೂ ಗಿರಾಕಿಗಳಿಗೆ ಹಂಗೇ ಹೇಳೋದು!"

ಅಷ್ಟರಲ್ಲಿ ಪಕ್ಕದ ಕಬ್ಬಿಣದ ಬಾಗಿಲು ತೆರೆದು ಲ್ಯಾಬಿನ ಮೇಡಂ ಕೈಚೀಲ ಹಿಡಿದು ಹೊರಬಂದರು. ಭ್ರೂಣಗಳನ್ನು ನೋಡಿಕೊಳ್ಳುವವರು ಅವರೇ. ತಂಗಿಯ ಗುರುತು ಹಿಡಿದು ನಿಂತರು. ಇವನು ಬಿಟ್ಟಾನೆಯೇ? ನಿಮ್ಮ ಕಂಪ್ರೆಸರ್ ಸರಿಯಿಲ್ಲ, ನಾಳೆವರೆಗೆ ತಡೆಯುತ್ತದೋ ಇಲ್ಲವೋ, ಎಂದು ಜಾಲರಿ ತೋರಿಸಿದ.

ಮೇಡಂ ಜಾಲರಿಯನ್ನು ನೋಡಿದರು, ಅವನನ್ನು ನೋಡಿದರು. "ಇದು ಕ್ಯಾಂಟೀನು," ಎಂದರು. "ಜ್ಯೂಸ್ ಬಾಟಲಿ ಇಡೋ ಫ್ರಿಜ್ಜು."

"ಮತ್ತೆ ನಮ್ಮವು?"

"ನಿಮ್ಮವು ಮೇಲಿನ ಮಹಡೀಲಿ ಇದಾವೆ. ದೊಡ್ಡ ಫ್ಲಾಸ್ಕ್ ಥರದ ಪಾತ್ರೆ, ಒಳಗೆ ಐಸ್‌ಗಿಂತ ಎಷ್ಟೋ ತಣ್ಣಗಿರೋ ನೈಟ್ರೋಜನ್ ದ್ರವ ತುಂಬಿಸಿರ್ತೀವಿ. ಕಮ್ಮಿ ಆದ ಹಾಗೆ ನಾವೇ ಅಳೆದು ಸುರೀತೀವಿ. ಅದಕ್ಕೆ ಮೋಟರೂ ಇಲ್ಲ, ಕರೆಂಟೂ ಬೇಡ. ಸದ್ದೇ ಇರಲ್ಲ ಸಾರ್."

ನನಗೆ ನಗು ತಡೆಯಲಾಗಲಿಲ್ಲ. ತಿಂಗಳುಗಟ್ಟಲೆ ಈ ಮನುಷ್ಯ ಊರಿಗೆಲ್ಲ ಸುಳ್ಳು ಹೇಳಿ, ನನ್ನ ನಿದ್ದೆ ಕೆಡಿಸಿ, ಕಾವಲು ಕಾದದ್ದು ಜ್ಯೂಸ್ ಬಾಟಲಿಗಳನ್ನು! ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಮೇಡಂ ಕೂಡ ನಗು ಮರೆಸಿಕೊಂಡು ಹೊರಟುಹೋದರು. ಅವನು ತನ್ನ ಅಂಗೈಯನ್ನೇ ನೋಡುತ್ತಾ ನಿಂತಿದ್ದ. ತಂಗಿ ನಗಲಿಲ್ಲ.

"ದಿನಾ ಸಂಜೆ ಒಬ್ಳೇ ಕೂತಿರ್ತಿದ್ದೆ," ಎಂದಳು. "ಒಂದಿನ ಪಕ್ಕದಲ್ಲಿ ಕೂತು ಹೆಂಗಿದೀಯ ಅಂತ ಕೇಳಿದ್ರಾ?"

ಅವನು ಅಂಗೈಯನ್ನು ಷರಟಿಗೆ ಒರೆಸಿಕೊಂಡ.

"ನೀನು ಅಳ್ತಿರ್ತೀಯ ಅಂತ ಗೊತ್ತಿತ್ತು. ಅದನ್ನ ಸರಿ ಮಾಡೋಕೆ ನಂಗೆ ಬರಲ್ಲ. ಇದಾದ್ರೆ ಬರುತ್ತೆ ಅನ್ಕೊಂಡೆ."

"ನನ್ನನ್ನ ಸರಿ ಮಾಡಿ ಅಂತ ಯಾರ್ ಕೇಳಿದ್ರು? ನಾನೇನು ಕೆಟ್ಟು ನಿಂತಿರೋ ಫ್ರಿಜ್ಜಾ? ನಿಮಗೂ ಹೆದರಿಕೆ ಆಗಿದೆ ಅಂತ ಬಾಯಿಬಿಟ್ಟು ಹೇಳಿದ್ರೆ ನಿಮ್ಮ ಗಂಟೇನಾದ್ರೂ ಹೋಗ್ತಿತ್ತಾ?"

ಮೂವರೂ ಮನೆಗೆ ನಡೆದೆವು. ನನ್ನ ನಗು ಅಷ್ಟರಲ್ಲಿ ಇಂಗಿಹೋಗಿತ್ತು. ಸಹಿ ಹಾಕುತ್ತೀಯೋ ಇಲ್ಲವೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಬೆಳಿಗ್ಗೆ ಅವಳು ಕೈಚೀಲ ಹಿಡಿದು ಕೆಳಗಿಳಿದು ಬಂದಳು. ಅವನು ಹಿಂದೆಯೇ ಇದ್ದ.

"ಸಿಟ್ಟು ಇಳಿದಿದೆಯೇನೇ?" ಎಂದೆ ಮೆಲ್ಲಗೆ.

"ಸಿಟ್ಟು ಹಂಗೇ ಇದೆ. ಅನುಮಾನ ಹೋಗಿದೆ. ನೀನೂ ಬಾ."

ಸಹಿ ಆಯಿತು. ಅವಳನ್ನು ಪರದೆಯ ಹಿಂದಿನ ಮಂಚದ ಮೇಲೆ ಮಲಗಿಸಿದರು. ನಾನೂ ಅವನೂ ಹೊರಗೆ ಬೆಂಚಿನ ಮೇಲೆ ಕೂತೆವು. ತುಂಬಾ ಹೊತ್ತಾದ ಮೇಲೆ ಲ್ಯಾಬಿನ ಮೇಡಂ ಬಂದರು. ಅವರ ನಡಿಗೆ ನೋಡಿಯೇ ಏನೋ ಕೆಟ್ಟದ್ದಾಗಿದೆ ಎಂದು ನನಗೆ ಗೊತ್ತಾಯಿತು.

"ಒಂದು ಚೆನ್ನಾಗಿ ಕರಗಿದೆ," ಎಂದರು. "ಇನ್ನೊಂದು ಉಳೀಲಿಲ್ಲ. ಕೆಲವೊಮ್ಮೆ ಹೀಗಾಗುತ್ತೆ. ನಮ್ಮ ಕಡೆಯಿಂದ ಏನೂ ತಪ್ಪಾಗಿಲ್ಲ."

ಆ ಕೊನೆಯ ಮಾತು ನನಗೆ ಹಿಡಿಸಲಿಲ್ಲ. ತಪ್ಪಾಗಿಲ್ಲ ಎಂದು ಕೇಳದೆಯೇ ಹೇಳುವವರ ಮೇಲೆ ನನಗೆ ಯಾವಾಗಲೂ ಒಂದು ಕಣ್ಣು. ಇನ್ನೇನು ಕೂಲಿಂಗ್ ಎದ್ದು ಅಳತೆ ತೋರಿಸಿ, ಪಾತ್ರೆ ತೋರಿಸಿ, ಯಾವಾಗ ಸುರಿದಿರಿ ಎಂದು ರಂಪ ಮಾಡುತ್ತಾನೆ ಅಂದುಕೊಂಡೆ. ಮಾಡಲಿ ಎಂದೇ ಕಾದೆ. ಅವನು ಕೇಳಿದ್ದು ಬೇರೆ.

"ಅವಳಿಗೆ ಹೇಳಿದ್ರಾ?"

"ಇನ್ನೂ ಇಲ್ಲ. ಡಾಕ್ಟರು ಬಂದು ಹೇಳ್ತಾರೆ."

"ಬೇಡ. ನಾನು ಹೇಳ್ತೀನಿ."

ಅವನು ಪರದೆ ಸರಿಸಿ ಒಳಗೆ ಹೋದ. ಬೆಂಚಿನಿಂದ ಅವರ ಮಾತು ಕೇಳಿಸುತ್ತಿತ್ತು. ಕೇಳಿಸಿಕೊಳ್ಳಬಾರದಿತ್ತೇನೋ, ಆದರೆ ನಾನು ಎದ್ದುಹೋಗಲಿಲ್ಲ.

"ಒಂದು ಹೋಯ್ತು ಕಣೇ," ಎಂದ.

ಅವಳ ಬಿಕ್ಕು ಕೇಳಿಸಿತು. ಆಮೇಲೆ ಅವನದೂ. ಅವನ ಅಳು ಹೇಗಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ತಂಗಿ ಮೂಗು ಒರೆಸಿಕೊಂಡು ಕೇಳಿದಳು:

"ಇನ್ನೊಂದು ನಿಲ್ಲುತ್ತೆ ಅಂತ ನಿಮಗೆ ನಂಬಿಕೆ ಇದೆಯಾ?"

"ಇಲ್ಲ," ಎಂದ ಅವನು. "ಹೆದರಿಕೆ ಇದೆ. ಇಲ್ಲೇ ಕೂತಿರ್ತೀನಿ."